ಕಾನೂನನ್ನು ಬೈಯದೆ ಬೈದವರು: ಸೆನ್ಸಾರ್ ಕಾಲದ ಕಾದಂಬರಿಗಾರ್ತಿಯರ ಬಗ್ಗೆ ನಿಮಗೆ ಏನನಿಸುತ್ತದೆ?

ಸುಂಟಿಕೊಪ್ಪದ ಓದುಗಿ
ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ನಾವು ಏಳೆಂಟು ಜನ ತಿಂಗಳಿಗೊಮ್ಮೆ ಒಬ್ಬರ ಮನೆ ಜಗಲಿಯಲ್ಲಿ ಕೂತು ಓದುತ್ತೇವೆ. ಈ ಸಲ ಮಾತಾಡುವ ಸರದಿ ನನ್ನದು. ಸರ್ಕಾರ ಪುಸ್ತಕ ಹಿಡಿದು ನೋಡುತ್ತಿದ್ದ ಕಾಲದಲ್ಲಿ ಹೆಂಗಸರು ಕೆಟ್ಟ ಕಾನೂನಿನ ಬಗ್ಗೆ ಕಾದಂಬರಿ ಹೇಗೆ ಬರೆದರು ಅಂತ ವಿಷಯ. ನಾನೇ ಆರಿಸಿದ್ದು, ಈಗ ತಲೆ ಮೇಲೆ ಕೈ ಹೊತ್ತು ಕೂತಿದ್ದೇನೆ.

ಇದು ಶುರುವಾದದ್ದು ಮಿರಿಯಂ ತ್ಲಾಲಿ ಅವರಿಂದ. ವರ್ಣಭೇದ ಕಾನೂನಿನ ಕಾಲದ ದಕ್ಷಿಣ ಆಫ್ರಿಕಾದಲ್ಲಿ ಇಂಗ್ಲಿಷ್ ಕಾದಂಬರಿ ಪ್ರಕಟಿಸಿದ ಮೊದಲ ಕಪ್ಪು ಮಹಿಳೆ. ಕಾದಂಬರಿ 'ಮ್ಯೂರಿಯಲ್ ಅಟ್ ಮೆಟ್ರೊಪಾಲಿಟನ್'. ಬರೆದು ವರ್ಷಗಟ್ಟಲೆ ಕಾದ ಮೇಲೆ 1975ರಲ್ಲಿ ಬಂತು, ಅದೂ ಪ್ರಕಾಶಕರು ಕತ್ತರಿ ಆಡಿಸಿದ ಮೇಲೆ. 1979ರಲ್ಲಿ ನಿಷೇಧ. ನಾನು ಏನೋ ದೊಡ್ಡ ಹೋರಾಟ, ಬಾಂಬು, ಜೈಲು ಅಂದುಕೊಂಡು ಓದಿದೆ. ಅಂಥದ್ದೇನೂ ಇಲ್ಲ! ಜೊಹಾನ್ಸ್‌ಬರ್ಗ್‌ನ ಕಂತಿನ ಅಂಗಡಿ. ಅಲ್ಲಿ ಲೆಕ್ಕ ಬರೆಯುವ ಒಬ್ಬಳು ಹೆಂಗಸು. ಬಿಳಿಯರ ಕಾರ್ಡು ಬೇರೆ, ಕಪ್ಪು ಗಿರಾಕಿಗಳ ಕಾರ್ಡು ಬೇರೆ. ಕೂರುವ ಜಾಗ ಬೇರೆ. ಇಡೀ ಪುಸ್ತಕ ಇದೇ. ಇಷ್ಟಕ್ಕೆ ಸರ್ಕಾರ ಯಾಕೆ ಹೆದರಿತು?

ನಿಮಗೆ ಗೊತ್ತಿರುವ ಬೇರೆ ಉದಾಹರಣೆ ಇದ್ದರೆ ಹೇಳಿ. ನಮ್ಮ ಕೊಡಗಿನದ್ದಾದರೆ ಇನ್ನೂ ಒಳ್ಳೆಯದು.

ರೈಟರ್ ಮಗ, ಸಿದ್ದಾಪುರ
ಅಕ್ಕ, ನಮ್ಮ ಕಡೆ 'ರೈಟರ್' ಅಂದರೆ ಕಥೆ ಬರೆಯುವವನಲ್ಲ, ತೋಟದಲ್ಲಿ ಹಾಜರಿ ಬರೆಯುವವನು. ನನ್ನ ಅಪ್ಪ ಮೂವತ್ತು ವರ್ಷ ರೈಟರ್ ಆಗಿದ್ದರು. ನೀವು ಹೇಳಿದ ಮ್ಯೂರಿಯಲ್ ನಮ್ಮ ಲೆಕ್ಕದಲ್ಲೂ ರೈಟರೇ ಆದಳು. 😄

ಸರ್ಕಾರ ಯಾಕೆ ಹೆದರಿತು ಅಂತ ಕೇಳಿದಿರಿ. ಲೆಕ್ಕ ಬರೆಯುವವನಿಗೆ ಎಲ್ಲಾ ಗೊತ್ತಿರುತ್ತದೆ, ಅದಕ್ಕೆ. ಯಾರಿಗೆ ಎಷ್ಟು ಮುಂಗಡ, ಯಾರ ಕೂಲಿಯಿಂದ ಎಷ್ಟು ಹಿಡಿದರು, ಯಾರು ರಾತ್ರೋರಾತ್ರಿ ಓಡಿಹೋದರು. ಅಪ್ಪ ಕುಡಿದಾಗ ಮಾತ್ರ ಹೇಳುತ್ತಿದ್ದರು, ಬೆಳಿಗ್ಗೆ ಸುಮ್ನೆ ಆಗುತ್ತಿದ್ದರು.

ಹಳೇ ವಕೀಲ, ವಿರಾಜಪೇಟೆ
ಓದುಗಿ ಮೇಡಂ, ಒಳ್ಳೆಯ ಪ್ರಶ್ನೆ. ನಲವತ್ತು ವರ್ಷ ಕರಿ ಕೋಟು ಹಾಕಿದವನು, ನನಗೆ ಕಂಡದ್ದು ಹೇಳುತ್ತೇನೆ.

ಸೆನ್ಸಾರ್ ಮಾಡುವವನು ಪದ ಹುಡುಕುತ್ತಾನೆ. ಅವನಿಗೆ ಕೊಟ್ಟಿರುವ ಕೆಲಸವೇ ಅದು. 'ಸರ್ಕಾರ ಹಾಳಾಗಲಿ' ಅಂತ ಬರೆದರೆ ಅವನಿಗೆ ಅರ್ಧ ಗಂಟೆಯ ಕೆಲಸ. ಆದರೆ ಒಬ್ಬಳು ತಾಯಿ ಮಗನ ಸುದ್ದಿ ಕೇಳಲು ಸಾಲಿನಲ್ಲಿ ನಿಂತಳು, ನಿಂತೇ ಇದ್ದಳು ಅಂತ ಬರೆದರೆ? ಯಾವ ಪದದ ಕೆಳಗೆ ಕೆಂಪು ಗೆರೆ ಎಳೆಯುತ್ತಾನೆ?

ಇದು ರಷ್ಯಾದ ಲಿಡಿಯಾ ಚುಕೋವ್‌ಸ್ಕಯಾ ಬರೆದ 'ಸೋಫಿಯಾ ಪೆಟ್ರೋವ್ನಾ'. 1939-40ರಲ್ಲಿ, ಸ್ಟಾಲಿನ್ ಬದುಕಿರುವಾಗಲೇ, ಶಾಲೆ ಮಕ್ಕಳ ನೋಟ್‌ಬುಕ್ಕಿನಲ್ಲಿ ಬರೆದದ್ದು. ಮನೆಯಲ್ಲಿಟ್ಟರೆ ತಲೆ ಹೋಗುತ್ತಿತ್ತು, ಹಾಗಾಗಿ ಸ್ನೇಹಿತನ ಹತ್ತಿರ ಬಚ್ಚಿಟ್ಟರು. ಲೆನಿನ್‌ಗ್ರಾಡ್ ಮುತ್ತಿಗೆಯಲ್ಲಿ ಆತ ಹಸಿವಿನಿಂದ ಸತ್ತ. ಸಾಯುವ ಮೊದಲು ತಂಗಿಯ ಕೈಗೆ ಕೊಟ್ಟಿದ್ದರಿಂದ ನೋಟ್‌ಬುಕ್ ಉಳಿಯಿತು. ಕಥೆಯ ಹೆಂಗಸು ಟೈಪಿಸ್ಟ್. ಸರ್ಕಾರವನ್ನು ನಂಬುವವಳು. ಮಗನನ್ನು ಹಿಡಿದುಕೊಂಡು ಹೋದರೂ 'ನನ್ನ ಮಗನದ್ದು ಮಾತ್ರ ತಪ್ಪು ತಿಳುವಳಿಕೆ, ಉಳಿದವರೆಲ್ಲ ನಿಜವಾದ ಕಳ್ಳರು' ಅಂತಲೇ ಅಂದುಕೊಂಡಿರುತ್ತಾಳೆ. ಅಲ್ಲೇ ನೋಡಿ ಏಟು ಬೀಳುವುದು.

ಇನ್ನೊಂದು ಸಂಗತಿ, ಇದು ನನ್ನ ವೃತ್ತಿಯವರಿಗೆ ಬಲು ಇಷ್ಟ. ಸ್ಟಾಲಿನ್ ಹೋದ ಮೇಲೆ 1962ರಲ್ಲಿ ಒಬ್ಬ ಪ್ರಕಾಶಕರು ಪುಸ್ತಕ ಒಪ್ಪಿಕೊಂಡು ಸ್ವಲ್ಪ ಹಣವನ್ನೂ ಕೊಟ್ಟರು. ಅಷ್ಟರಲ್ಲಿ ಗಾಳಿ ತಿರುಗಿತು, ಅಚ್ಚು ಹಾಕಲಿಲ್ಲ. ಈಯಮ್ಮ ಸುಮ್ಮನಿರಲಿಲ್ಲ, ಬಾಕಿ ಹಣಕ್ಕೆ ಕೋರ್ಟಿಗೆ ಹೋದರು. 1965ರಲ್ಲಿ ಗೆದ್ದರು! ಕರಾರಿನ ಪ್ರಕಾರ ದುಡ್ಡು ಕೊಡಿ ಅಂತ ಸೋವಿಯತ್ ಕೋರ್ಟು ಹೇಳಿತು. ಪುಸ್ತಕ ಮಾತ್ರ ಅದೇ ವರ್ಷ ಪ್ಯಾರಿಸ್ಸಿನಲ್ಲಿ ಬಂತು, ಅವರ ಸ್ವಂತ ನಾಡಿನಲ್ಲಿ ಅಚ್ಚಾಗಲು 1988 ಆಗಬೇಕಾಯಿತು.

ಮಳೆಗಾಲದವಳು, ಭಾಗಮಂಡಲ
ವಕೀಲರೇ, 'ಪದ ಹುಡುಕುತ್ತಾನೆ' ಅಂದಿರಲ್ಲ, ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹೆರ್ಟಾ ಮ್ಯುಲ್ಲರ್ ಅವರ ಮೊದಲ ಪುಸ್ತಕ 1982ರಲ್ಲಿ ರೊಮೇನಿಯಾದಲ್ಲಿ ಬಂದಾಗ ಸೆನ್ಸಾರ್‌ನವರು 'ಸೂಟ್‌ಕೇಸ್' ಅನ್ನೋ ಪದವನ್ನೇ ತೆಗೆಸಿದ್ದರಂತೆ. ದೇಶ ಬಿಟ್ಟು ಹೋಗುವ ನೆನಪು ಬರುತ್ತದೆ ಅಂತ! ಸೂಟ್‌ಕೇಸಿಗೆ ಹೆದರುವ ಸರ್ಕಾರ ಎಷ್ಟು ಪುಕ್ಕಲು ನೋಡಿ.

ನನಗೂ ಒಂದು ಸಣ್ಣ ಅನುಭವ ಇದೆ. ಕಾಲೇಜಿನಲ್ಲಿದ್ದಾಗ ವಾರ್ಷಿಕ ಸಂಚಿಕೆಗೆ ಒಂದು ಕಥೆ ಕೊಟ್ಟಿದ್ದೆ. ತೋಟದ ಆಳುಗಳ ಸಾಲುಮನೆ, ಅಂದರೆ ಲೈನ್ ಮನೆಯ ಹುಡುಗಿ, ಶಾಲೆ ಬಿಟ್ಟು ಕಾಫಿ ಕೊಯ್ಲಿಗೆ ಹೋಗುತ್ತಾಳೆ. ಯಾಕೆ ಅಂದರೆ ಅಪ್ಪ ತೆಗೆದುಕೊಂಡ ಮುಂಗಡ ತೀರಬೇಕು. ಅಚ್ಚಾಗಿ ಬಂದಾಗ ನೋಡಿದರೆ ಕಥೆ ಹಾಗೇ ಇದೆ, ಮಳೆ ಇದೆ, ಹುಡುಗಿ ಇದ್ದಾಳೆ, 'ಮುಂಗಡ' ಅನ್ನೋ ಪದ ಮೂರು ಕಡೆ ಮಾಯ. ಈಗ ಓದಿದರೆ ಆ ಹುಡುಗಿ ಸುಮ್ನೆ ಸೋಮಾರಿ, ಓದಲು ಇಷ್ಟ ಇಲ್ಲದವಳು ಅನ್ನಿಸುತ್ತಾಳೆ. ಕೇಳಿದರೆ 'ಜಾಗ ಸಾಲಲಿಲ್ಲಮ್ಮ' ಅಂದರು. ಮೂರು ಪದಕ್ಕೆ ಜಾಗ ಸಾಲಲಿಲ್ಲ.

ಕುಶಾಲನಗರ ಹುಡುಗ
ಅಂಕಲ್ ಟಾಮ್ಸ್ ಕ್ಯಾಬಿನ್ ಇದಕ್ಕೆ ಸೇರುತ್ತಾ? ಬರೆದದ್ದು ಹೆಂಗಸೇ ಅಲ್ವಾ. ಆದರೆ ಅಮೆರಿಕದಲ್ಲಿ ಸೆನ್ಸಾರ್ ಎಲ್ಲಿತ್ತು?

ಹಳೇ ವಕೀಲ, ವಿರಾಜಪೇಟೆ
ಧಾರಾಳವಾಗಿ ಸೇರುತ್ತದೆ ತಮ್ಮ. 1850ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಓಡಿಬಂದ ಗುಲಾಮರಿಗೆ ಅನ್ನ, ಆಸರೆ ಕೊಟ್ಟರೂ ಅಪರಾಧ, ಹಿಡಿದುಕೊಡಲೇಬೇಕು. 1852ರಲ್ಲಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ ಕಾದಂಬರಿ ಪುಸ್ತಕವಾಯಿತು. ಅದರಲ್ಲಿ ಒಬ್ಬ ಸೆನೆಟರ್ ಈ ಥರದ ಕಾನೂನಿಗೆ ಓಟು ಹಾಕಿ ಮನೆಗೆ ಬರುತ್ತಾನೆ. ಹೆಂಡತಿ ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಅವನು ಶಾಂತವಾಗಿ ವಾದ ಮಾಡುತ್ತಿರುತ್ತಾನೆ. ಅಷ್ಟರಲ್ಲಿ ಅಡುಗೆಮನೆಗೆ ಮಗು ಎತ್ತಿಕೊಂಡು ಓಡಿಬಂದ ಒಬ್ಬಳು ಸೇರಿರುತ್ತಾಳೆ. ಆ ರಾತ್ರಿಯೇ ಸೆನೆಟರ್ ಸಾಹೇಬರು ತಾವೇ ಗಾಡಿ ಕಟ್ಟಿಸಿ, ಕೆಸರಲ್ಲಿ ಹೂತುಕೊಂಡು, ಅವಳನ್ನು ದಾಟಿಸುತ್ತಾರೆ. ತಾನು ಮಾಡಿದ ಕಾನೂನನ್ನು ತಾನೇ ಮುರಿದ. ನಾನು ಸಾವಿರ ವಾದ ಮಾಡಿದ್ದೇನೆ, ಇಷ್ಟು ಚೊಕ್ಕವಾದ ವಾದ ಮಾಡಿಲ್ಲ.

ಸೆನ್ಸಾರ್ ಕೇಳಿದೆಯಲ್ಲ. ಬರೆದವರು ಉತ್ತರದಲ್ಲಿ ಕ್ಷೇಮವಾಗಿದ್ದರು. ಗುಲಾಮಗಿರಿ ಇದ್ದ ಮೇರಿಲ್ಯಾಂಡಿನಲ್ಲಿ ಸ್ಯಾಮ್ಯುಯೆಲ್ ಗ್ರೀನ್ ಅನ್ನುವ ಕಪ್ಪು ಪಾದ್ರಿಗೆ 1857ರಲ್ಲಿ ಹತ್ತು ವರ್ಷ ಜೈಲು. ತಪ್ಪು ಏನು? ಮನೆಯಲ್ಲಿ ಈ ಪುಸ್ತಕ ಇತ್ತು.

ಮೇಷ್ಟ್ರು, ಸೋಮವಾರಪೇಟೆ
ಎಲ್ಲಾ ಸರಿ. ಆದರೆ ಅಮೆರಿಕ, ರಷ್ಯಾ ಸುತ್ತಿ ಬರುವ ಮೊದಲು ಮನೆ ಬಾಗಿಲು ನೋಡಿ. ಓದುಗಿ ಅವರು ಇರುವ ಊರಿನಲ್ಲೇ, ಗುಂಡುಗುಟ್ಟಿ ತೋಟದಲ್ಲಿ, ನಮ್ಮ ಕೊಡಗಿನ ಗೌರಮ್ಮ ಇದ್ದರು. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು. ಅಪ್ಪ ವಕೀಲರು. ಗಂಡ ತೋಟದ ಮ್ಯಾನೇಜರ್. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೆ ಬರಲೇಬೇಕು ಅಂತ ಉಪವಾಸ ಕೂತರು, ಬಂದ ಮೇಲೆ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. 1939ರಲ್ಲಿ ಈಜಲು ಹೋಗಿ ಹೊಳೆ ಪಾಲಾದರು. ಇಪ್ಪತ್ತೇಳೇ ವರ್ಷ. ಕಾದಂಬರಿ ಬರೆಯಲಿಲ್ಲ, ನಿಜ, ಸಣ್ಣ ಕಥೆ ಮಾತ್ರ. 'ಕಂಬನಿ', 'ಚಿಗುರು' ಅಂತ ಎರಡು ಸಂಕಲನ. ವಿಧವೆಯರು, ಬಿಟ್ಟುಹೋದ ಗಂಡಂದಿರು, ಜಾತಿ ದಾಟಿದ ಪ್ರೀತಿ, ಎಲ್ಲಾ ಇದೆ.

ಒಂದು ಕಥೆಯ ಹೆಸರೇ 'ಅಪರಾಧಿ ಯಾರು?' ಹೆಸರು ಓದಿದರೆ ಸಾಕು.

ಹಳೇ ವಕೀಲ, ವಿರಾಜಪೇಟೆ
ಮೇಷ್ಟ್ರೇ, ಗೌರಮ್ಮನವರ ಮೇಲೆ ನನಗೂ ಗೌರವ ಇದೆ. ಆದರೆ ಅವರು ಬರೆದದ್ದು ಪದ್ಧತಿಯ ವಿರುದ್ಧ, ಕಾನೂನಿನ ವಿರುದ್ಧ ಅಲ್ಲ. ವಿಧವೆ ಮದುವೆಗೆ 1856ರಲ್ಲೇ ಕಾನೂನು ಒಪ್ಪಿಗೆ ಕೊಟ್ಟಾಗಿತ್ತು. ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ 1930ರ ಏಪ್ರಿಲ್‌ನಿಂದ ಜಾರಿಯಲ್ಲಿತ್ತು. ಅಂದರೆ ಕಾನೂನು ಅವರ ಕಡೆಗೇ ಇತ್ತು. ಅವರ ಕಥೆಯನ್ನು ಯಾವ ಸರ್ಕಾರವೂ ಮುಟ್ಟುಗೋಲು ಹಾಕಿಕೊಂಡಿಲ್ಲ. ಎರಡನ್ನೂ ಬೆರೆಸಬಾರದು.

ಮಳೆಗಾಲದವಳು, ಭಾಗಮಂಡಲ
ವಕೀಲ ಸಾರ್, ಇಲ್ಲಿ ನಾನು ಒಪ್ಪಲ್ಲ. 1856ರ ಕಾಯ್ದೆಯ ಎರಡನೇ ಸೆಕ್ಷನ್ ಇನ್ನೊಂದು ಸಲ ತೆಗೆದು ಓದಿ ನೋಡಿ. ಮತ್ತೆ ಮದುವೆಯಾದರೆ ಸತ್ತ ಗಂಡನ ಆಸ್ತಿಯಲ್ಲಿ ಅವಳಿಗಿದ್ದ ಹಕ್ಕು ಮುಗಿಯಿತು. ಹೇಗೆ ಮುಗಿಯಿತು? 'ಅವಳೇ ಆಗ ಸತ್ತುಹೋದಂತೆ' ಅಂತ ಕಾನೂನಿನಲ್ಲೇ ಇದೆ. ಮದುವೆ ಮನೆಯಲ್ಲಿ ಅಕ್ಷತೆ ಬೀಳುವ ಹೊತ್ತಿಗೆ ಕಂದಾಯದ ಪುಸ್ತಕದಲ್ಲಿ ಅವಳು ಸತ್ತಿರುತ್ತಾಳೆ! ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಕಾನೂನು ಇದು. ಹೊಲ, ಮನೆ ಬಿಟ್ಟು ಯಾರ ಧೈರ್ಯದ ಮೇಲೆ ಅವಳು ಮದುವೆಯಾಗಬೇಕಿತ್ತು? ಪದ್ಧತಿ ಅಂತ ನೀವು ಕರೆಯುವುದರ ಹಿಂದೆ ಕೋರ್ಟು ಕೋಲು ಹಿಡಿದು ನಿಂತಿತ್ತು.

ಇನ್ನು ಸೆನ್ಸಾರ್ ವಿಷಯ. ಅವರು ಪತ್ರಿಕೆಗೆ ಕಥೆ ಕಳಿಸುತ್ತಿದ್ದದ್ದು ಯಾವ ಹೆಸರಲ್ಲಿ? 'ಮಿಸೆಸ್ ಬಿ.ಟಿ.ಜಿ. ಕೃಷ್ಣ'. ಹೆಸರಿನಲ್ಲಿ ಗಂಡನೇ ಎಲ್ಲಾ. ಗೌರಮ್ಮ ಎಲ್ಲಿ?

ಮೇಷ್ಟ್ರು, ಸೋಮವಾರಪೇಟೆ
ಗಂಡ ಓದಲು, ಟೆನಿಸ್ ಆಡಲು, ಈಜಲು ಎಲ್ಲಕ್ಕೂ ಬೆಂಬಲ ಕೊಟ್ಟವರು. ಆ ಹೆಸರನ್ನು ಸೆನ್ಸಾರ್ ಅನ್ನುವುದು ಸ್ವಲ್ಪ ಜಾಸ್ತಿ ಆಯಿತು.

ಮಳೆಗಾಲದವಳು, ಭಾಗಮಂಡಲ
ಗಂಡನನ್ನು ದೂರುತ್ತಿಲ್ಲ ಮೇಷ್ಟ್ರೇ. ಆ ಹೆಸರು ಕೊಡೆ ಇದ್ದ ಹಾಗೆ. ಜಡಿಮಳೆಯಲ್ಲಿ ಹೊರಗೆ ಹೋಗಬೇಕಾದರೆ ಬೇಕಾಗುತ್ತದೆ. ಬಿಸಿಲಿದ್ದರೆ ಯಾರೂ ಹಿಡಿಯಲ್ಲ ಅಂತಷ್ಟೇ ಹೇಳಿದ್ದು.

ಐನ್‌ಮನೆ ಕಿರಿಯ, ನಾಪೋಕ್ಲು
ಒಂದು ಮಾತು. ಕೊಡವರಲ್ಲಿ ವಿಧವೆ ಮತ್ತೆ ಮದುವೆಯಾಗಲು ಮೊದಲಿಂದಲೂ ಅಡ್ಡಿ ಇರಲಿಲ್ಲ. ಗೌರಮ್ಮ ಬರೆದದ್ದು ಬ್ರಾಹ್ಮಣ ಮನೆಗಳ ಒಳಗಿನದು. 'ಕೊಡಗಿನ ಹೆಂಗಸರ ಸ್ಥಿತಿ' ಅಂತ ಒಟ್ಟಾಗಿ ಹೇಳಬೇಡಿ, ಹೊರಗಿನವರು ಹಾಗೇ ತಿಳಿದುಕೊಳ್ಳುತ್ತಾರೆ.

ಬ್ರಿಟಿಷರ ಕಾಲದ ಒಂದು ತಮಾಷೆ ಕೂಡ ಹೇಳುತ್ತೇನೆ. ನಮ್ಮ ಕೋವಿಗೆ ಲೈಸೆನ್ಸ್ ಬೇಡ ಅಂತ ವಿನಾಯಿತಿ ಕೊಟ್ಟ ಅದೇ ಸರ್ಕಾರ, 1910ರ ಪ್ರೆಸ್ ಕಾಯ್ದೆಯಲ್ಲಿ ಹೊಸದಾಗಿ ಅಚ್ಚುಕೂಟ ಇಡುವವನಿಂದ 500ರಿಂದ 2000 ರೂಪಾಯಿವರೆಗೆ ಠೇವಣಿ ಕೇಳಿತು. ಬೇಡದ್ದು ಅಚ್ಚಾದರೆ ಠೇವಣಿ ಗೋತಾ. ಕೋವಿಗಿಂತ ಅಚ್ಚಿನ ಮೊಳೆಗೆ ಜಾಸ್ತಿ ಹೆದರಿದರು.

ಸುಂಟಿಕೊಪ್ಪದ ಓದುಗಿ
ಅಯ್ಯೋ ಇದು ಬಹಳ ಚೆನ್ನಾಗಿದೆ, ಖಂಡಿತ ಹೇಳುತ್ತೇನೆ ನಮ್ಮ ಗುಂಪಿನಲ್ಲಿ. 1931ರಲ್ಲಿ ಮತ್ತೆ ಅಂಥದ್ದೇ ಕಾಯ್ದೆ ಬಂತು. ಅಂದರೆ ಗೌರಮ್ಮ ಬರೆಯುತ್ತಿದ್ದ ವರ್ಷಗಳಲ್ಲಿ ಪತ್ರಿಕೆ ನಡೆಸುವವರ ಕುತ್ತಿಗೆ ಮೇಲೆ ಕತ್ತಿ ಇತ್ತು. ಸಂಪಾದಕ ಹೆದರಿದರೆ ಬರೆಯುವವರೂ ಕೈ ಹಿಡಿದು ಬರೆಯಬೇಕು. ಬಾಕಿ ಉಳಿದದ್ದು ಮನೆ ಕಥೆ. ಮನೆ ಕಥೆ ತಾನೇ, ಬರೆದುಕೊಳ್ಳಲಿ ಅಂತ ಬಿಟ್ಟರು. ಬಿಟ್ಟದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ ನನಗೆ.

ವಕೀಲ ಸಾರ್, ಸೆಕ್ಷನ್ ಎರಡಕ್ಕೆ ನಿಮ್ಮ ಉತ್ತರ ಬಂದಿಲ್ಲ. 🙂

ಹಳೇ ವಕೀಲ, ವಿರಾಜಪೇಟೆ
ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ. ಸೆಕ್ಷನ್ ತೆಗೆದು ನೋಡಿದೆ, ಭಾಗಮಂಡಲದವರು ಹೇಳಿದ್ದು ಸರಿ. ಅರ್ಧ ಒಪ್ಪಿಕೊಂಡೆ. ಆದರೂ ಸೆನ್ಸಾರ್ ಅಂದರೆ ಸರ್ಕಾರದ ಸೆನ್ಸಾರ್ ಅಂತಲೇ ಇಟ್ಟುಕೊಳ್ಳೋಣ. ಇಲ್ಲದಿದ್ದರೆ ಅತ್ತೆ ಕಣ್ಣು ಬಿಟ್ಟದ್ದೂ ಸೆನ್ಸಾರ್ ಆಗಿಬಿಡುತ್ತದೆ.

ಮಳೆಗಾಲದವಳು, ಭಾಗಮಂಡಲ
ಆಗುತ್ತದೆ ಸಾರ್.

ಕುಶಾಲನಗರ ಹುಡುಗ
😂😂

ಪುಸ್ತಕದಂಗಡಿ ಅಲೆಮಾರಿ, ಗೋಣಿಕೊಪ್ಪ
ಪದ ಹುಡುಕುವ ಸೆನ್ಸಾರ್ ಬಗ್ಗೆ ಇಸ್ಮತ್ ಚುಗ್ತಾಯಿ ಅವರನ್ನು ಬಿಟ್ಟರೆ ಹೇಗೆ? 1942ರ 'ಲಿಹಾಫ್' (ರಜಾಯಿ) ಅನ್ನೋ ಉರ್ದು ಕಥೆಗೆ ಅಶ್ಲೀಲ ಅಂತ ಕೇಸು, ಲಾಹೋರಿನಲ್ಲಿ ವಿಚಾರಣೆ. ಇಲ್ಲಿ ಅಶ್ಲೀಲ ಪದ ಯಾವುದು ತೋರಿಸಿ ಅಂತ ಕೇಳಿದರೆ ಸಾಕ್ಷಿಗಳಿಗೆ ಒಂದು ಪದವೂ ಸಿಗಲಿಲ್ಲ. ಇಬ್ಬರು ಹೆಂಗಸರ ಸಂಬಂಧವನ್ನು ಹೇಳಿದ್ದು ಮಗುವಿನ ಬಾಯಿಂದ. ಮಗು ಗೋಡೆ ಮೇಲೆ ಆನೆಯಂಥ ನೆರಳು ನೋಡಿತು, ಹೆದರಿತು. ಅಷ್ಟೆ. ಗೆದ್ದು ಬಂದರು.

ನಮ್ಮವರೇ ಆದ ಗಾಯಕಿ ಬೆಂಗಳೂರು ನಾಗರತ್ನಮ್ಮ ಅಷ್ಟು ಅದೃಷ್ಟವಂತರಲ್ಲ. ಹುಟ್ಟಿದ್ದು ನಂಜನಗೂಡು ಕಡೆ. ಮುದ್ದುಪಳನಿ ಅನ್ನುವ ಹಳೇ ಕವಯಿತ್ರಿಯ ತೆಲುಗು ಕಾವ್ಯ 'ರಾಧಿಕಾ ಸಾಂತ್ವನಮು'ವನ್ನು 1910ರಲ್ಲಿ ಹುಡುಕಿ ಪೂರ್ತಿ ಅಚ್ಚು ಹಾಕಿಸಿದರು. ಸರ್ಕಾರ ಅಶ್ಲೀಲ ಅಂತ ನಿಷೇಧ ಮಾಡಿತು. ಗಂಡಸರು ಬರೆದ ಶೃಂಗಾರ ಆಗ ತರಗತಿಯಲ್ಲೇ ಪಾಠ ಆಗುತ್ತಿತ್ತು. ಕಾದಂಬರಿ ಅಲ್ಲ ಗೊತ್ತು, ಓದುಗಿ ಅವರು ಬೈಯಬೇಡಿ.

ತಿತಿಮತಿಯವ
ನಾನು ಸಾಮಾನ್ಯವಾಗಿ ಓದಿ ಸುಮ್ಮನಿರುವವನು. ಬಂಗಾಳಿ ಲೇಖಕಿ ಮಹಾಶ್ವೇತಾ ದೇವಿ ಹೆಸರು ಬರಲಿಲ್ಲವಲ್ಲ ಅಂತ ಬರೆಯುತ್ತಿದ್ದೇನೆ. 'ಅರಣ್ಯೇರ್ ಅಧಿಕಾರ್', 1977. ತುರ್ತು ಪರಿಸ್ಥಿತಿ ಮುಗಿದ ವರ್ಷ. 1979ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಥೆ ಬ್ರಿಟಿಷರ ವಿರುದ್ಧ ದಂಗೆ ಎದ್ದ ಬುಡಕಟ್ಟು ನಾಯಕ ಬಿರ್ಸಾ ಮುಂಡಾನದ್ದು, 1900ರಲ್ಲಿ ರಾಂಚಿ ಜೈಲಿನಲ್ಲಿ ಸತ್ತವನು. ಇಲ್ಲಿ ಇನ್ನೊಂದು ಉಪಾಯ ಇದೆ. ಹಳೇ ಸರ್ಕಾರದ ಹಳೇ ಕಾನೂನಿನ ಕಥೆ ಹೇಳಿದರೆ ಇವತ್ತಿನ ಸರ್ಕಾರ ಅಡ್ಡ ಬರುವುದು ಕಷ್ಟ. ಬ್ರಿಟಿಷರನ್ನು ಬೈದರೆ ಯಾರು ಬೇಡ ಅನ್ನುತ್ತಾರೆ? ಆದರೆ 1878ರ ಅರಣ್ಯ ಕಾಯ್ದೆ ಕಾಡಿನವರನ್ನು ಕಾಡಲ್ಲೇ ಕಳ್ಳರನ್ನಾಗಿ ಮಾಡಿತು ಅಂತ ಓದುವವನಿಗೆ ನಾಗರಹೊಳೆ ನೆನಪಾಗದೆ ಇರುತ್ತದಾ? ನಮ್ಮ ಮನೆಯಿಂದ ಎರಡು ಮೈಲಿ ದೂರದಲ್ಲಿ ಜೇನುಕುರುಬರ ಹಾಡಿ ಇದೆ. ಜೇನು ತೆಗೆದವನು ಕಳ್ಳ, ಗೆಣಸು ಅಗೆದವಳು ಕಳ್ಳಿ.

ಐನ್‌ಮನೆ ಕಿರಿಯ, ನಾಪೋಕ್ಲು
ಸರಿ, ಆದರೆ ಕಾದಂಬರಿ ಓದಿ ಯಾವ ಹಾಡಿಗೆ ಹಕ್ಕುಪತ್ರ ಬಂತು? ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ. ಅದು ಬೀದಿ ಹೋರಾಟದಿಂದ ಬಂತು, ಪುಸ್ತಕದಿಂದಲ್ಲ.

ತಿತಿಮತಿಯವ
ಹಕ್ಕುಪತ್ರ ಬರಲಿಲ್ಲ, ಒಪ್ಪುತ್ತೇನೆ. ಆ ಪುಸ್ತಕ ಓದುವವರೆಗೆ ನಾನು ಅವರನ್ನು 'ಕಾಫಿ ಕೊಯ್ಲಿಗೆ ಬರುವ ಆಳುಗಳು' ಅಂತ ಮಾತ್ರ ನೋಡಿದ್ದೆ. ಅದಕ್ಕಿಂತ ಹೆಚ್ಚು ನಾನು ಹೇಳಲಾರೆ.

ಸುಂಟಿಕೊಪ್ಪದ ಓದುಗಿ
ತ್ಲಾಲಿಗೆ ವಾಪಸ್ ಬರುತ್ತೇನೆ, ಒಂದು ಮಾತು ಮನಸ್ಸಿನಲ್ಲಿ ಕೊರೆಯುತ್ತಿದೆ. ಅದೇ 1979ರಲ್ಲಿ ನೇಡಿನ್ ಗಾರ್ಡಿಮರ್ ಅವರ 'ಬರ್ಗರ್ಸ್ ಡಾಟರ್' ಕೂಡ ನಿಷೇಧವಾಯಿತು. ಅದರಲ್ಲಿ ಸೊವೆಟೋ (ಜೊಹಾನ್ಸ್‌ಬರ್ಗ್ ಅಂಚಿನ ಕಪ್ಪು ಜನರ ಬಡಾವಣೆ) ವಿದ್ಯಾರ್ಥಿಗಳ ಒಂದು ನಿಷೇಧಿತ ಕರಪತ್ರವನ್ನು ಹಾಗೇ ಇಟ್ಟಿದ್ದರು, ಕಾದಂಬರಿಯ ಮಡಿಲಲ್ಲಿ ಬಚ್ಚಿಟ್ಟಂತೆ. ಅದರ ನಿಷೇಧ ಕೆಲವೇ ತಿಂಗಳಲ್ಲಿ ತೆರವಾಯಿತು. ಗಾರ್ಡಿಮರ್ ಬಿಳಿಯರು, ಹೊರದೇಶದಲ್ಲೆಲ್ಲ ಹೆಸರಿದ್ದವರು. ಸೊವೆಟೋದ ಗುಮಾಸ್ತೆ ತ್ಲಾಲಿಗೆ ಆ ಬಲ ಎಲ್ಲಿಂದ ಬರಬೇಕು? ತ್ಲಾಲಿಯವರ ಮುಂದಿನ ಕಾದಂಬರಿ 'ಅಮಾಂಡ್ಲಾ' 1980ರಲ್ಲಿ ಬಂತು, ಅದಕ್ಕೂ ನಿಷೇಧ. ಗಾರ್ಡಿಮರ್ ದೊಡ್ಡ ಲೇಖಕಿ, ಅನುಮಾನ ಇಲ್ಲ. ಆದರೆ ಪಾಸ್‌ಬುಕ್ (ಕಪ್ಪು ಜನ ಸದಾ ಜೊತೆಗಿಟ್ಟುಕೊಳ್ಳಬೇಕಿದ್ದ ಓಡಾಟದ ಪರವಾನಗಿ) ಕಾನೂನನ್ನು ಹೊರಗಿಂದ ನೋಡಿ ಬರೆಯುವುದು ಬೇರೆ, ಚೀಲದಲ್ಲಿ ಆ ಪಾಸ್‌ಬುಕ್ ಇಟ್ಟುಕೊಂಡು ಬರೆಯುವುದು ಬೇರೆ. ನನಗೆ ತ್ಲಾಲಿ ಪುಸ್ತಕ ಅಷ್ಟು ಕಲೆಗಾರಿಕೆಯದ್ದು ಅನಿಸಲಿಲ್ಲ, ಕೆಲವು ಕಡೆ ಬೇಜಾರೂ ಆಯಿತು. ಆದರೂ ರಾತ್ರಿ ನಿದ್ದೆ ಕೆಡಿಸಿದ್ದು ಅದೇ.

ರೈಟರ್ ಮಗ, ಸಿದ್ದಾಪುರ
ಹಾಗಾದರೆ ನಮ್ಮ ಲೈನ್ ಮನೆಯಿಂದ ಯಾರು ಬರೆದರು ಅಕ್ಕ?

ಗೌರಮ್ಮನವರು ತೋಟದಲ್ಲೇ ಇದ್ದವರು, ಆದರೆ ಮ್ಯಾನೇಜರ್ ಮನೆಯಲ್ಲಿ. ಕೆಳಗೆ ಲೈನ್‌ನಲ್ಲಿ ಮೈಸೂರು ಕಡೆಯವರು, ಮಲಬಾರಿನವರು, ತಮಿಳರು, ಇಲ್ಲಿನ ಬುಡಕಟ್ಟಿನ ಎರವರು ಎಲ್ಲಾ ಇದ್ದರು. ವಕೀಲ ಸಾರ್, ಮುಂಗಡ ತಗೊಂಡು ಓಡಿದರೆ ಪೊಲೀಸ್ ಹಿಡಿದು ತರುತ್ತಿದ್ದ ಕಾನೂನು ಒಂದಿತ್ತು ಅಂತ ಅಪ್ಪ ಹೇಳುತ್ತಿದ್ದರು. ಅವರಿಗೂ ಅವರ ಅಪ್ಪ ಹೇಳಿದ್ದು. ನಿಜವಾ?

ಹಳೇ ವಕೀಲ, ವಿರಾಜಪೇಟೆ
ನಿಜ. 1859ರ ಹದಿಮೂರನೇ ಕಾಯ್ದೆ. ಮುಂಗಡ ಪಡೆದು ಕೆಲಸಕ್ಕೆ ಬಾರದಿದ್ದರೆ ಮ್ಯಾಜಿಸ್ಟ್ರೇಟ್ ಎದುರು ನಿಲ್ಲಿಸಬಹುದಿತ್ತು. ಹಣ ವಾಪಸ್ ಕೊಡು, ಇಲ್ಲ ದುಡಿದು ತೀರಿಸು. ಎರಡೂ ಆಗದಿದ್ದರೆ ಮೂರು ತಿಂಗಳವರೆಗೆ ಜೈಲು. ಕರಾರು ಮುರಿದದ್ದು ಆಳಾದರೆ ಅಪರಾಧ, ದೊರೆ ಮುರಿದರೆ ಬರೀ ಸಿವಿಲ್ ವ್ಯವಹಾರ. 1925ರಲ್ಲಿ ಅದನ್ನು ತೆಗೆದುಹಾಕುವ ಕಾಯ್ದೆ ಆಯಿತು.

ನೀನು ಕೇಳಿದ ಮೊದಲ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಆ ಕಾನೂನಿನ ಕೆಳಗೆ ಬದುಕಿದ ಹೆಂಗಸಿಗೆ ಹೆಬ್ಬೆಟ್ಟು ಒತ್ತುವುದು ಬಿಟ್ಟು ಬೇರೆ ಬರವಣಿಗೆ ಕಲಿಸಲಿಲ್ಲ ಯಾರೂ.

ಮಳೆಗಾಲದವಳು, ಭಾಗಮಂಡಲ
ಪುಸ್ತಕವನ್ನು ನಿಷೇಧಿಸಬೇಕಾದರೆ ಪುಸ್ತಕ ಇರಬೇಕಲ್ಲ. ಇಲ್ಲಿ ಅಷ್ಟು ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

ಮೇಷ್ಟ್ರು, ಸೋಮವಾರಪೇಟೆ
ಹಾಡುಗಳಿವೆಯಮ್ಮ. ಎರವರ ಹೆಂಗಸರು ನಾಟಿ ಹೊತ್ತಿನಲ್ಲಿ ಹಾಡುವುದನ್ನು ಚಿಕ್ಕಂದಿನಲ್ಲಿ ಕೇಳಿದ್ದೇನೆ. ಅದರಲ್ಲಿ ಧಣಿ ಬರುತ್ತಾನೆ, ಅಳತೆಯ ಸೇರು ಬರುತ್ತದೆ. ಗದ್ದೆ ಬದುವಿನಲ್ಲಿ ಧಣಿಯೇ ಕೊಡೆ ಹಿಡಿದು ನಿಂತು ಕೇಳುತ್ತಿದ್ದ, ಅವನಿಗೆ ಭಾಷೆ ತಿಳಿಯುತ್ತಿರಲಿಲ್ಲ. ರಾಗ ಚೆನ್ನಾಗಿದೆ ಅಂತ ತಲೆ ಆಡಿಸುತ್ತಿದ್ದ.

ಸುಂಟಿಕೊಪ್ಪದ ಓದುಗಿ
ಮೇಷ್ಟ್ರೇ, ಇದನ್ನು ಹೇಳಲು ಇಷ್ಟು ಹೊತ್ತು ಯಾಕೆ ಕಾದಿರಿ! ನೀವೇ ಬಂದು ಹೇಳಿ. ರೈಟರ್ ಮಗ ಅವರೇ, ನಿಮ್ಮ ಅಪ್ಪನ ಹಾಜರಿ ಪುಸ್ತಕ ಏನಾದರೂ ಉಳಿದಿದೆಯಾ?

ರೈಟರ್ ಮಗ, ಸಿದ್ದಾಪುರ
ಅಟ್ಟದಲ್ಲಿ ಎರಡು ಇದೆ ಅಕ್ಕ. ಒಂದನ್ನು ಗೆದ್ದಲು ಮುಕ್ಕಾಲು ತಿಂದಿದೆ. ಇನ್ನೊಂದರಲ್ಲಿ ಗಂಡಾಳಿನ ಹೆಸರು ಪೂರ್ತಿ ಇದೆ. ಹೆಣ್ಣಾಳಿಗೆ ಬರೀ ನಂಬರು. ಆದರೆ ಒಂದು ಪುಟದ ಮೂಲೆಯಲ್ಲಿ ಅಪ್ಪ ಪೆನ್ಸಿಲಿನಲ್ಲಿ ಹದಿನಾಲ್ಕನೇ ನಂಬರಿನ ಎದುರಿಗೆ 'ಚೋಮಿ, ಬಾಣಂತಿ, ರಜೆ ಇಲ್ಲ' ಅಂತ ಬರೆದಿದ್ದಾರೆ. ಯಾಕೆ ಬರೆದರೋ. ಮೇಲೆ ಯಾರೋ ರಬ್ಬರ್ ಉಜ್ಜಿದ್ದಾರೆ, ಬೆಳಕಿಗೆ ಹಿಡಿದರೆ ಕಾಣುತ್ತದೆ.

ಭಾನುವಾರ ತಗೊಂಡು ಬರುತ್ತೇನೆ. ಮೊದಲ ಬಸ್ಸು ಸಿಕ್ಕರೆ ಹತ್ತೂವರೆಗೆ ಮಡಿಕೇರಿಯಲ್ಲಿ ಇರುತ್ತೇನೆ. ಪ್ಲಾಸ್ಟಿಕ್ ಕವರ್ ಎರಡು ಸುತ್ತು ಸುತ್ತಬೇಕು, ಈ ಮಳೆಯಲ್ಲಿ ಪೆನ್ಸಿಲ್ ನಿಲ್ಲುವುದಿಲ್ಲ.